ಮುನ್ನೂರು ಮಿಲಿಗ್ರಾಂ

ನಸೀಮಾ ಬಾಗವಾನ ಕಲ್ಲು ತಂದದ್ದು
ಕರದಂಟಿನ ಡಬ್ಬಿಯಲ್ಲಿ.
ಅಮೀನಗಡ ದಾಟಿ ಬೈಕು ಪಂಕ್ಚರಾದಲ್ಲಿ
ಕಾಲಿಗೆ ಎಡವಿದ್ದಂತೆ.
ಮುಚ್ಚಳ ತೆಗೆದರೆ ಇನ್ನೂ ತುಪ್ಪದ ವಾಸನೆ.
ಕಾಗದದ ಮೇಲೆ ಗೀರಿದೆ:
ಹುರಮಂಜದ ಕೆಂಪು,
ಅವ್ವ ಹೊಸ್ತಿಲಿಗೆ ಎಳೆಯುತ್ತಿದ್ದ ಅದೇ ಗೆರೆ.

ಮೂರನೇ ಗೇಟು ದಾಟಿ ಉದ್ಯಮಬಾಗಕ್ಕೆ ಬಂದರೆ
ಸುತ್ತಲೂ ಕಬ್ಬಿಣ ಎರೆಯುವವರು, ಕೊರೆಯುವವರು, ಉಜ್ಜುವವರು.
ನಡುವೆ ಎರಡು ಕೋಣೆಯ ಪ್ರಯೋಗಶಾಲೆ;
ಅಲ್ಲಿ ತಕ್ಕಡಿ ಕಾಯುವವ ನಾನು, ಮೌನೇಶ.
ಗಳಿಸಿದ್ದನ್ನು ಎಲ್ಲರೂ ಬರೆದಿಡುತ್ತಾರೆ.
ನನ್ನ ವಹಿಯಲ್ಲಿ ಕಳಕೊಂಡದ್ದು ಮಾತ್ರ.

ಒಂದು ಹರಳು ಆರಿಸಿ, ತಿಕ್ಕಿ ತಿಕ್ಕಿ
ಸಾವಿರ ಮಿಲಿಗ್ರಾಮಿಗೆ ತಂದೆವು.
ಎಂಟುನೂರೈವತ್ತು ಡಿಗ್ರಿ. ಮೊದಲು ಸಾರಜನಕ,
ಆಮೇಲೆ ಜಲಜನಕ.
ಬಣ್ಣವಿಲ್ಲ, ವಾಸನೆಯಿಲ್ಲ,
ಬಂದದ್ದು ತಿಳಿಯುವುದು ಬಾಟಲಿಯ ಗುಳ್ಳೆಗಳಿಂದ.

"ಇದಕ್ಕ ಅಪಕರ್ಷಣ ಅಂತಾರಲ್ರೀ," ಅಂದಳು,
"ಕೇಳಿದ್ರ ಯಾರನ್ನೋ ನೆಲಕ್ಕ ಕೆಡವಿ ಎಳದಂಗ ಆಗತೈತಿ."
ನಮ್ಮ ಕಡೆ ಬಿಡಿಸೂದು ಅನ್ನಬಹುದು:
ಶೇಂಗಾ ಬಿಡಿಸುತ್ತಾರೆ,
ಕಚ್ಚಾಡುವ ಹುಡುಗರನ್ನು ಬಿಡಿಸುತ್ತಾರೆ,
ಅಡವಿಟ್ಟ ಬೋರಮಾಳ ಬಿಡಿಸುತ್ತಾರೆ.

ಮೂವತ್ಮೂರು ಮಿಲಿಗ್ರಾಂ ಹೋದಾಗ
ಕೆಂಪು ಕಪ್ಪಾಗಿರುತ್ತದೆ. ಕೊಳವೆಯೊಳಗೆ ಕಾಣುವುದಿಲ್ಲ,
ಗೊತ್ತಿರುತ್ತದೆ ಅಷ್ಟೆ.
ಹೊಸ ಕಟ್ಟಿಗೆ ಹಳೆಯ ಜಾಗ ಸಾಲದೆ
ಹರಳು ಉಬ್ಬುತ್ತದೆ, ಬಿರಿಯುತ್ತದೆ;
ಆ ಬಿರುಕೇ ಅನಿಲಕ್ಕೆ ಓಣಿ.
ಈಗ ತೆಗೆದು ಆರಿಸಿದರೆ ಅಯಸ್ಕಾಂತಕ್ಕೆ ಜಿಗಿದೀತು.
ನೂರು ಹೋದಾಗ ಮತ್ತೊಂದು ಕಪ್ಪು,
ಅಯಸ್ಕಾಂತ ಕರೆದರೂ ಓಗೊಡದ್ದು.
ಇದರ ಲೆಕ್ಕ ಎಂದೂ ಸರಿ ಕೂರುವುದಿಲ್ಲ:
ಸಾಲಿನಲ್ಲಿ ಕಬ್ಬಿಣದ ಕೆಲವು ಜಾಗ ಖಾಲಿ,
ಪಂಕ್ತಿಯಲ್ಲಿ ಬಾರದವರಿಗೂ ಎಲೆ ಹಾಕಿಟ್ಟ ಹಾಗೆ.

ಕೊಳವೆಯ ತಣ್ಣನೆ ತುದಿಯಲ್ಲಿ ಹನಿ ಕಟ್ಟಿತು.
ಬರಿಗೈಲಿ ಬಂದ ಅನಿಲ ಕೊಡ ಹೊತ್ತು ಹೊರಟಿತ್ತು.
ನಸೀಮಾ ಒಂದು ಹನಿ ಬೆರಳಿಗೆ ಹಚ್ಚಿಕೊಂಡು ನೋಡಿದಳು.
ನೀರೇ.

ಇನ್ನೂರಾ ಅರವತ್ತೆಂಟಕ್ಕೆ ಅಂಕಿ ನಿಂತಿತು.
ರಾತ್ರಿ ಹನ್ನೊಂದು. ಪಕ್ಕದ ಫೌಂಡ್ರಿಯಲ್ಲಿ
ಎರಕ ಸುರಿದ ಬೆಳಕು ಕಿಟಕಿಗೆ ಬಡಿದು ಹೋಯಿತು.
ಒಂದೂವರೆ ತಾಸು ಕಾದೆವು. ಅಲುಗಲಿಲ್ಲ.
ಆರಿಸಿ, ಕೊಯ್ದು, ಸೂಕ್ಷ್ಮದರ್ಶಕದಡಿ ಇಟ್ಟರೆ
ಸುತ್ತ ಹೊಳೆಯುವ ಕಬ್ಬಿಣ, ಒಂದು ತೂತಿಲ್ಲ;
ನಡುವೆ ಬೂದುಗಪ್ಪು ಕಣ್ಣು.
ಮೊದಲು ಕಬ್ಬಿಣವಾದದ್ದೇ ಗೋಡೆಯಾಗಿ
ಉಳಿದದ್ದರ ಬಾಗಿಲು ಹಾಕಿತ್ತು.

ನಮ್ಮಜ್ಜ ಕಮ್ಮಾರ. ಕಬ್ಬಿಣ ಬಡಿದ, ಹುಟ್ಟಿಸಲಿಲ್ಲ.
ಗುಜರಿಯ ಲಾರಿಪಟ್ಟಿಯೇ ಅವನ ಗಣಿ.
ಕಲ್ಲು ಅವನಿಗೆ ಮಚ್ಚು ಮಸೆಯಲಿಕ್ಕೆ.

ಮರುದಿನ ಉಳಿದ ಕಲ್ಲು ಅರೆದು ಪುಡಿ ಮಾಡಿದಳು,
ಮತ್ತೆ ಸಾವಿರ ತೂಗಿಸಿ ಉರಿ ನಾನೂರೈವತ್ತಕ್ಕೆ ಇಳಿಸಿದಳು.
ಐನೂರಾ ಎಪ್ಪತ್ತರ ಕೆಳಗೆ
ಆ ಓಗೊಡದ ಕಪ್ಪಿಗೆ ಮನೆಯೇ ಇಲ್ಲ;
ಜಿಗಿಯುವ ಕಪ್ಪಿನಿಂದ ನೇರ ಕಬ್ಬಿಣ.
ನಿಧಾನ. ತೀರಾ ನಿಧಾನ.
ನಸುಕಿನ ಮೂರಕ್ಕೆ
ಮುನ್ನೂರು.
ವಹಿಯಲ್ಲಿ ಎರಡು ಗೆರೆ ಎಳೆದಳು,
ನನ್ನ ಪಾಲಿನ ಚಹಾನೂ ತಾನೇ ಕುಡಿದಳು,
ಸಾರಜನಕ ಹರಿಸಿದಳು, ಅಷ್ಟು ಪುಣ್ಯ,
ಪೂರ್ತಿ ತಣಿಯುವ ಮೊದಲೇ ಕೊಳವೆ ಬಿಚ್ಚಿದಳು.

ಪಿಂಗಾಣಿ ದೋಣಿಯಲ್ಲಿ ಬೂದುಬಣ್ಣದ ಪುಡಿ
ಬೆಳಗಾವಿಯ ಗಾಳಿ ಕಂಡದ್ದೇ
ಒಂದು ಅಂಚಿನಿಂದ ಕೆಂಡ ಹೊರಟಿತು,
ಸದ್ದಿಲ್ಲ, ಇರುವೆ ಸಾಲಿನಂತೆ,
ಇನ್ನೊಂದು ಅಂಚಿಗೆ. ಅವಳು ಊದಿ ಆರಿಸಲು ಹೋದಳು,
ಉಸಿರು ಅದಕ್ಕೆ ಊಟವಾಯಿತು.
ಉಳಿದದ್ದು ಕೆಂಪು.
ಹುರಮಂಜ.

ಎರಡು ರಾತ್ರಿ ಬಿಡಿಸಿದ್ದು
ಎರಡು ನಿಮಿಷಕ್ಕೆ ತಬ್ಬಿಕೊಂಡಿತ್ತು.

"ತೂಗ್ರಿ," ಅಂದಳು.
ಒಂಬೈನೂರಾ ಎಂಬತ್ತೆಂಟು.
ಉಳಿದ ಹನ್ನೆರಡು ಅವಳ ತೋಳಿನ ಮೇಲೆ,
ಮೂಗಿನ ತುದಿಯ ಮೇಲೆ.
ಬರೆಯಲು ವಹಿ ತೆರೆದೆ.
ಮರಳಿ ಬಂದದ್ದಕ್ಕೆ ಅಂಕಣವಿರಲಿಲ್ಲ.
ಅಂಚಿನಲ್ಲಿ, ಅಡ್ಡಡ್ಡ, ಬರೆದೆ.